ಹಕ್ಕಿ ಸಾಕಿದ ಖೈದಿ ಮತ್ತು ಅವನು ನೋಡದ ಸಿನಿಮಾ

ಸೆಮಿಸ್ಟರ್ ಪರೀಕ್ಷೆ ಮುಗಿದ ರಾತ್ರಿ ಹಾಸ್ಟೆಲ್ ರೂಮಲ್ಲಿ ನಾಲ್ಕು ಜನ ಸೇರಿ ಒಂದು ಹಳೇ ಕಪ್ಪು-ಬಿಳುಪು ಸಿನಿಮಾ ಹಾಕಿಕೊಂಡು ಕೂತಿದ್ವಿ. 1962ರ 'ಬರ್ಡ್‌ಮ್ಯಾನ್ ಆಫ್ ಆಲ್ಕಟ್ರಾಜ್'. ಒಂದು ಕೋಣೆ, ಒಬ್ಬ ಖೈದಿ, ಒಂದಷ್ಟು ಹಕ್ಕಿಗಳು. ಫೈಟೂ ಇಲ್ಲ, ಹಾಡೂ ಇಲ್ಲ. ಹತ್ತು ನಿಮಿಷದಲ್ಲಿ ಎದ್ದು ಹೋಗ್ತೀನಿ ಅಂದಿದ್ದ ರೂಮ್‌ಮೇಟ್ ಕೊನೆಗೆ ಯಾರಿಗೂ ಕಾಣದ ಹಾಗೆ ಕಣ್ಣೊರೆಸಿಕೊಂಡ. ಬರ್ಟ್ ಲ್ಯಾಂಕಾಸ್ಟರ್ ಅಷ್ಟು ಚೆನ್ನಾಗಿ ಮಾಡಿದ್ದಾರೆ. ಆ ಪಾತ್ರಕ್ಕೆ ಅವರ ಹೆಸರು ಆಸ್ಕರ್‌ಗೂ ಹೋಗಿತ್ತು.

ಮಾರನೇ ದಿನ ನಾನು ಆ ಖೈದಿಯ ನಿಜವಾದ ಬದುಕನ್ನು ಹುಡುಕಿಕೊಂಡು ಓದಿದೆ. ಸಿನಿಮಾದಲ್ಲಿ ನೋಡಿದ ಮನುಷ್ಯ ಅಲ್ಲಿ ಸಿಗಲೇ ಇಲ್ಲ. ಸಿಕ್ಕವನು ಬೇರೆ.

ರಾಬರ್ಟ್ ಸ್ಟ್ರೌಡ್ ಹುಟ್ಟಿದ್ದು 1890ರಲ್ಲಿ, ಅಮೆರಿಕದ ಸಿಯಾಟಲ್‌ನಲ್ಲಿ. ಅಪ್ಪ ಕುಡುಕ, ಮನೆಯಲ್ಲಿ ಹೊಡೆತ. ಮೂರನೇ ಕ್ಲಾಸಿಗೇ ಓದು ನಿಂತಿತು, ಹದಿಮೂರರ ಸುಮಾರಿಗೆ ಮನೆಯೂ ಬಿಟ್ಟ. 1909ರಲ್ಲಿ ಅಲಾಸ್ಕಾದ ಜೂನೋ ಊರಲ್ಲಿ, ತನ್ನ ಜೊತೆಗಿದ್ದ ಹೆಂಗಸಿನ ವಿಚಾರಕ್ಕೆ ಒಬ್ಬನನ್ನು ಗುಂಡಿಟ್ಟು ಕೊಂದ. 12 ವರ್ಷ ಶಿಕ್ಷೆಯಾಯಿತು. ಆಗ ಅವನಿಗೆ ಹತ್ತೊಂಬತ್ತು, ಅಂದರೆ ನಮ್ಮ ಸೆಕೆಂಡ್ ಇಯರ್ ಹುಡುಗರ ವಯಸ್ಸು. ಸುಮ್ಮನೆ ಇದ್ದಿದ್ದರೆ ಮೂವತ್ತು ದಾಟುವಷ್ಟರಲ್ಲಿ ಹೊರಗೆ ಬರ್ತಿದ್ದ.

ಸುಮ್ಮನಿರಲಿಲ್ಲ. ಮೊದಲ ಜೈಲಿನಲ್ಲಿ ಒಬ್ಬ ಖೈದಿಗೆ ಚಾಕು ಹಾಕಿದ, ಶಿಕ್ಷೆ ಬೆಳೆಯಿತು. ಕನ್ಸಾಸ್‌ನ ಲೆವೆನ್‌ವರ್ತ್ ಜೈಲಿಗೆ ಸಾಗಿಸಿದರು. ಅಲ್ಲಿ 1916ರ ಮಾರ್ಚ್‌ನಲ್ಲಿ, ಊಟದ ಹಾಲ್‌ನಲ್ಲಿ, ಸಾವಿರಕ್ಕೂ ಹೆಚ್ಚು ಖೈದಿಗಳ ಕಣ್ಣೆದುರೇ ಆಂಡ್ರ್ಯೂ ಟರ್ನರ್ ಅನ್ನೋ ಕಾವಲುಗಾರನನ್ನು ಇರಿದು ಕೊಂದ. ಎಷ್ಟೋ ವರ್ಷದ ಮೇಲೆ ನೋಡೋಕೆ ಬಂದ ತಮ್ಮನ ಭೇಟಿ ಒಂದು ಸಣ್ಣ ತಪ್ಪಿನಿಂದ ಕೈತಪ್ಪುತ್ತೆ ಅನ್ನೋ ಸಿಟ್ಟು ಕಾರಣ ಅಂತಾರೆ. ಕಾರಣ ಏನೇ ಇರಲಿ, ಟರ್ನರ್ ಸತ್ತ. ಸಿನಿಮಾ ನೋಡುವಾಗ ಈ ಟರ್ನರ್ ಎಷ್ಟು ಬೇಗ ಮರೆತುಹೋಗ್ತಾನೆ ಅನ್ನೋದು ನನಗೆ ಆಮೇಲೆ ಹೊಳೆದು ಸ್ವಲ್ಪ ಕಸಿವಿಸಿಯಾಯ್ತು.

ಮೂರು ಸಲ ವಿಚಾರಣೆ ನಡೆದು ಕೊನೆಗೆ ಗಲ್ಲು ಖಾಯಂ ಆಯಿತು. ಅಮ್ಮ ಎಲಿಜಬೆತ್ ಬಿಡಲಿಲ್ಲ, ಅಧ್ಯಕ್ಷ ವುಡ್ರೋ ವಿಲ್ಸನ್‌ವರೆಗೂ ಅರ್ಜಿ ತಗೊಂಡು ಹೋದರು. 1920ರಲ್ಲಿ, ಗಲ್ಲಿಗೆ ಕೆಲವೇ ದಿನ ಇರುವಾಗ, ಶಿಕ್ಷೆ ಜೀವಾವಧಿಗೆ ಇಳಿಯಿತು. ಆದರೆ ಜೈಲಿನವರು ಅದಕ್ಕೊಂದು ಷರತ್ತು ಸೇರಿಸಿದರು: ಇವನು ಉಳಿದ ಅಷ್ಟೂ ಕಾಲ ಒಂಟಿ ಕೋಣೆಯಲ್ಲೇ ಇರಬೇಕು.

ಒಂಟಿ ಕೋಣೆ ಅಂದರೆ ಏನು ಅಂತ ನಮಗೆ ಗೊತ್ತಿಲ್ಲ ಬಿಡಿ. ಕೊರೊನಾ ಕಾಲದಲ್ಲಿ ನಾನು ಹದಿನಾಲ್ಕು ದಿನ ಮಹಡಿ ಮೇಲಿನ ಒಂದೇ ರೂಮಲ್ಲಿದ್ದೆ. ಫೋನಿತ್ತು, ಬಾಗಿಲ ಹತ್ತಿರ ಅಮ್ಮ ಇಟ್ಟು ಹೋಗ್ತಿದ್ದ ಬಿಸಿಬೇಳೆಬಾತ್ ಇತ್ತು. ಆದರೂ ಒಂಬತ್ತನೇ ದಿನಕ್ಕೆ ಫ್ಯಾನಿನ ಸದ್ದಿಗೇ ಅಳು ಬರೋ ಹಾಗಾಗಿತ್ತು. ಸ್ಟ್ರೌಡ್ ಹುಟ್ಟಿದ ವರ್ಷವೇ, 1890ರಲ್ಲಿ, ಅಮೆರಿಕದ ಸುಪ್ರೀಂ ಕೋರ್ಟ್ ಒಂದು ತೀರ್ಪಿನಲ್ಲಿ ಈ ಏಕಾಂತ ಶಿಕ್ಷೆಯ ಬಗ್ಗೆ ಹೇಳಿತ್ತು. ಸ್ವಲ್ಪ ಕಾಲದಲ್ಲೇ ಎಷ್ಟೋ ಖೈದಿಗಳು ಮಂಕಾಗಿ ಹೋದರು, ಕೆಲವರಿಗೆ ಹುಚ್ಚು ಹಿಡಿಯಿತು, ಕೆಲವರು ಪ್ರಾಣ ಕಳಕೊಂಡರು, ಉಳಿದವರ ಬುದ್ಧಿ ಮತ್ತೆ ಮೊದಲಿನಂತೆ ಆಗಲಿಲ್ಲ ಅನ್ನೋ ಅರ್ಥದ ಮಾತು ಅದರಲ್ಲಿದೆ. ಅಂದರೆ ಗೊತ್ತಿಲ್ಲದೆ ಹಾಕಿದ ಶಿಕ್ಷೆ ಅಲ್ಲ ಇದು.

ಆ ಕೋಣೆಯಲ್ಲಿ ಅವನ ತಲೆ ಹೇಗೆ ಉಳಿಯಿತು? ಅದೇ ವರ್ಷ ಜೈಲಿನ ಅಂಗಳದಲ್ಲಿ ಅಡ್ಡಾಡುವಾಗ ಗೂಡು ಸಮೇತ ಬಿದ್ದಿದ್ದ ಗುಬ್ಬಚ್ಚಿ ಮರಿಗಳು ಸಿಕ್ಕವು. ಎತ್ತಿಕೊಂಡು ಬಂದು ಸಾಕಿದ. ಆಮೇಲೆ ಹೊಸದಾಗಿ ಬಂದ ಮುಖ್ಯಾಧಿಕಾರಿ ಕ್ಯಾನರಿ ಹಕ್ಕಿ ಸಾಕೋಕೆ ಒಪ್ಪಿದರು. ಪಂಜರ ಎಲ್ಲಿಂದ ಬರಬೇಕು? ಮರದ ಪೆಟ್ಟಿಗೆ ಒಡೆದು, ಕೈಗೆ ಸಿಕ್ಕ ಚೂರುಪಾರು ಹತಾರದಲ್ಲಿ ತಾನೇ ಮಾಡಿಕೊಂಡ. ಸಿನಿಮಾದಲ್ಲಿ ಈ ಪಂಜರ ಮಾಡೋ ಭಾಗ ನಿಧಾನಕ್ಕೆ, ಮಾತೇ ಇಲ್ಲದೆ ಸಾಗುತ್ತೆ. ವರ್ಕ್‌ಶಾಪ್ ಲ್ಯಾಬ್‌ನಲ್ಲಿ ಮರದ ಜಾಯಿಂಟ್ ಉಜ್ಜಿ ಉಜ್ಜಿ ಬೆರಳು ಸುಲಿಸಿಕೊಂಡ ನಮಗೆ ಅದು ಬೇಗ ಅರ್ಥವಾಗುತ್ತೆ.

ಒಂದು ಹಕ್ಕಿ ಹತ್ತಾಯಿತು, ಹತ್ತು ನೂರಾಯಿತು. ಒಟ್ಟು ಸುಮಾರು 300 ಕ್ಯಾನರಿ ಸಾಕಿದ ಅಂತ ಲೆಕ್ಕ. ಪಕ್ಕದ ಕೋಣೆಯೂ ಸಿಕ್ಕಿತು. ರೋಗ ಬಂದು ಹಕ್ಕಿ ಸತ್ತರೆ ಕೊಯ್ದು ನೋಡಿದ, ಸೂಕ್ಷ್ಮದರ್ಶಕ ತರಿಸಿಕೊಂಡ, ಔಷಧ ಬೆರೆಸಿ ಪ್ರಯೋಗ ಮಾಡಿದ. ರಸಾಯನಶಾಸ್ತ್ರ, ಅಂಗರಚನೆ ಎಲ್ಲ ಪುಸ್ತಕದಿಂದಲೇ ಕಲಿತದ್ದು. 1933ರಲ್ಲಿ ಕ್ಯಾನರಿಗಳ ರೋಗಗಳ ಬಗ್ಗೆ ಅವನ ಪುಸ್ತಕ ಬಂತು, ಹತ್ತು ವರ್ಷದ ಮೇಲೆ ಇನ್ನೂ ದೊಡ್ಡದೊಂದು. ಹಕ್ಕಿ ಸಾಕುವವರು ದೇಶದ ಮೂಲೆಮೂಲೆಯಿಂದ ಕಾಗದ ಬರೆದು ಸಲಹೆ ಕೇಳ್ತಿದ್ದರು. ಮೂರನೇ ಕ್ಲಾಸ್ ಓದಿದ ಕೊಲೆಗಾರ ಅವರಿಗೆಲ್ಲ ಡಾಕ್ಟರ್. 1931ರಲ್ಲಿ ಹಕ್ಕಿಗಳನ್ನು ಕಸಿದುಕೊಳ್ಳಲು ಹೊರಟಾಗ ಅವನ ಪರ ಸಾವಿರಾರು ಜನ ಸಹಿ ಹಾಕಿದರು. ಸರ್ಕಾರ ಹಿಂದೆ ಸರಿಯಿತು.

ಇಲ್ಲಿಗೇ ನಿಲ್ಲಿಸಿದರೆ ಒಳ್ಳೇ ಕಥೆ. ಸಿನಿಮಾ ನೋವು ತಿಂದು ಮೆತ್ತಗಾದ, ಮಾತು ಕಡಿಮೆಯ, ದೊಡ್ಡ ಮನಸ್ಸಿನ ಮುದುಕನನ್ನು ತೋರಿಸುತ್ತೆ. ನಿಜವಾದ ಸ್ಟ್ರೌಡ್ ಮೆತ್ತಗಾಗಲಿಲ್ಲ. ಪ್ರಯೋಗಕ್ಕೆ ಅಂತ ತರಿಸಿದ ಸಾಮಾನಿನಲ್ಲಿ ಕದ್ದು ಸಾರಾಯಿ ಕಾಯಿಸ್ತಿದ್ದ. ಅವನ ಜೊತೆ ಇದ್ದ ಖೈದಿಗಳೂ ಕಾವಲುಗಾರರೂ ಆಮೇಲೆ ನೆನೆಸಿಕೊಂಡಾಗ ಹೊಗಳಿದ್ದು ಕಮ್ಮಿ. ಜಗಳಗಂಟ, ಅಪಾಯದ ಮನುಷ್ಯ ಅಂದವರೇ ಹೆಚ್ಚು. ಜೈಲಿನ ವೈದ್ಯರೂ ಅವನನ್ನು ಮನೋವಿಕೃತ ಅಂತಲೇ ಬರೆದಿಟ್ಟರು. ಗಲ್ಲಿನಿಂದ ಬಿಡಿಸಿದ ಅಮ್ಮನ ಜೊತೆಗೂ ಸಂಬಂಧ ಮುರಿಯಿತು. ಹಕ್ಕಿ ವ್ಯಾಪಾರದಲ್ಲಿ ಪಾಲುದಾರಳಾಗಿ ಬಂದ ಡೆಲ್ಲಾ ಜೋನ್ಸ್‌ಳನ್ನು ಮದುವೆಯಾಗಿದ್ದು ಆ ತಾಯಿಗೆ ಸಹಿಸಲಾಗಲಿಲ್ಲ.

ನನಗನ್ನಿಸೋದು, ಇವನು ಒಳ್ಳೆಯವನಾಗಿ ಉಳಿಯಲಿಲ್ಲ, ಬರೀ ಉಳಿದ. ನಾಳೆ ಬೆಳಿಗ್ಗೆ ಎದ್ದರೆ ಕಾಳು ಹಾಕಬೇಕು, ಕಾಯಿಲೆ ಬಿದ್ದ ಹಕ್ಕಿಗೆ ಔಷಧ ಕೊಡಬೇಕು, ಬಂದ ಕಾಗದಕ್ಕೆ ಉತ್ತರ ಬರೀಬೇಕು. ದಿನ ಅನ್ನೋದಕ್ಕೆ ಹಿಡಿ ಇತ್ತು. ಹಾಳಾಗದೆ ಉಳಿದ ಬುದ್ಧಿಯೊಳಗೆ ಅದೇ ಹಳೇ ಸಿಟ್ಟೂ ಹಾಳಾಗದೆ ಉಳಿಯಿತು. ಸಿನಿಮಾಕ್ಕೆ ಇದು ಬೇಡವಾಗಿತ್ತು. ಸಹಿಸಿಕೊಂಡವನು ಸಾಧುವಾಗಿಯೇ ಇರಬೇಕು ಅಂತ ನಾವು ನೋಡುಗರೂ ಬಯಸ್ತೀವಲ್ಲ.

1942ರ ಡಿಸೆಂಬರ್‌ನಲ್ಲಿ ಅವನನ್ನು ಸ್ಯಾನ್‌ಫ್ರಾನ್ಸಿಸ್ಕೊ ಕೊಲ್ಲಿಯ ಆಲ್ಕಟ್ರಾಜ್ ದ್ವೀಪಕ್ಕೆ ಸಾಗಿಸಿದರು. ಸಂಖ್ಯೆ 594. ಹಕ್ಕಿ, ಪಂಜರ, ಸೂಕ್ಷ್ಮದರ್ಶಕ ಎಲ್ಲ ಅಲ್ಲಿಗೆ ಮುಗಿಯಿತು. ಜಗತ್ತು ಅವನನ್ನು ಆಲ್ಕಟ್ರಾಜ್‌ನ ಹಕ್ಕಿ ಮನುಷ್ಯ ಅಂತ ಕರೆಯುತ್ತೆ, ಆದರೆ ಆಲ್ಕಟ್ರಾಜ್‌ನಲ್ಲಿ ಅವನು ಒಂದೇ ಒಂದು ಹಕ್ಕಿ ಸಾಕಲಿಲ್ಲ, ಬಿಡಲೇ ಇಲ್ಲ. ಆ ದ್ವೀಪದ ಹೆಸರೇ ಸ್ಪ್ಯಾನಿಷ್‌ನಲ್ಲಿ ಕಡಲಹಕ್ಕಿಯದು ಅನ್ನೋದು ಬೇರೆ ತಮಾಷೆ.

ಅಲ್ಲಿ 6 ವರ್ಷ ಡಿ ಬ್ಲಾಕ್‌ನ ಒಂಟಿ ಕೋಣೆ, 11 ವರ್ಷ ಜೈಲಾಸ್ಪತ್ರೆಯ ಬೀಗ ಹಾಕಿದ ಕೋಣೆ. ಹಕ್ಕಿ ಹೋದ ಮೇಲೆ ಏನು ಮಾಡಿದ? ಕಾನೂನು ಓದಿದ, ಇಷ್ಟು ಉದ್ದದ ಶಿಕ್ಷೆ ಕ್ರೂರವಾದದ್ದು ಅಂತ ಅರ್ಜಿ ಹಾಕಿದ. ಅಮೆರಿಕದ ಜೈಲುಗಳ ಇತಿಹಾಸವನ್ನೇ ಬರೆಯೋಕೆ ಕೂತ. ದೊಡ್ಡ ಹಸ್ತಪ್ರತಿ. ಅಚ್ಚು ಹಾಕಿಸೋಕೆ ಅಧಿಕಾರಿಗಳು ಬಿಡಲಿಲ್ಲ. ಅದರ ಮೊದಲ ಭಾಗ ಹೊರಗೆ ಬಂದಿದ್ದು 2014ರಲ್ಲಿ, ಅವನು ಸತ್ತು ಐವತ್ತು ವರ್ಷವಾದ ಮೇಲೆ.

1955ರಲ್ಲಿ ಥಾಮಸ್ ಗ್ಯಾಡಿಸ್ ಅನ್ನೋರು ಅವನ ಜೀವನದ ಪುಸ್ತಕ ಬರೆದರು. ಅದನ್ನೇ ಇಟ್ಟುಕೊಂಡು ಜಾನ್ ಫ್ರಾಂಕನ್‌ಹೈಮರ್ ಸಿನಿಮಾ ಮಾಡಿದರು. ಅಷ್ಟರಲ್ಲಿ, 1959ರಲ್ಲೇ, ಕಾಯಿಲೆ ಬಿದ್ದಿದ್ದ ಸ್ಟ್ರೌಡ್‌ನನ್ನು ಮಿಸೌರಿಯ ಸ್ಪ್ರಿಂಗ್‌ಫೀಲ್ಡ್ ಜೈಲಾಸ್ಪತ್ರೆಗೆ ತಂದಿದ್ದರು. ಸಿನಿಮಾ ಬಂದ ಮೇಲೆ ಅವನನ್ನು ಬಿಡಿ ಅಂತ ಜನ ಕೇಳಿದರು. ಬಿಡಲಿಲ್ಲ. ಆ ಸಿನಿಮಾ ನೋಡೋಕೂ ಬಿಡಲಿಲ್ಲ. ತನ್ನನ್ನು ಎಷ್ಟು ಸಾಧು ಮಾಡಿ ತೋರಿಸಿದ್ದಾರೆ ಅಂತ ನೋಡಿದ್ದರೆ ನಗ್ತಿದ್ದನೋ ಬೈತಿದ್ದನೋ.

1963ರ ನವೆಂಬರ್ 21ರಂದು ಸ್ಟ್ರೌಡ್ ತೀರಿಕೊಂಡ. ವಯಸ್ಸು 73. ಅದರಲ್ಲಿ 54 ವರ್ಷ ಜೈಲು, ಆ 54ರಲ್ಲಿ 42 ಒಂಟಿಯಾಗಿ. ಮಾರನೇ ದಿನ ಡಲ್ಲಾಸ್‌ನಲ್ಲಿ ಅಧ್ಯಕ್ಷ ಕೆನಡಿಗೆ ಗುಂಡು ಬಿತ್ತು. ಪೇಪರುಗಳಲ್ಲಿ ಬೇರೆ ಯಾವ ಸಾವಿಗೂ ಜಾಗ ಉಳಿಯಲಿಲ್ಲ.