ಹೃದಯದ ಪ್ರತಿಧ್ವನಿ ಹಿಡಿದ ಇಂಗೆ ಎಡ್ಲರ್

ಮಕ್ಕಳೇ, ಹಿರಿಯರೊಬ್ಬರಿಗೆ ಇದ್ದಕ್ಕಿದ್ದಂತೆ ಒಂದು ಕಡೆಯ ಕೈಕಾಲು ಸ್ವಾಧೀನ ತಪ್ಪಿ, ಮಾತು ತೊದಲಿದರೆ ಲಕ್ವ ಹೊಡೆಯಿತು ಎನ್ನುವುದನ್ನು ನೀವು ಕೇಳಿರಬಹುದು. ಇದಕ್ಕೆ ಪಾರ್ಶ್ವವಾಯು ಎಂದೂ ಹೆಸರು. ತೊಂದರೆ ಆಗುವುದು ಮೆದುಳಿನಲ್ಲಿ. ಆದರೆ ವೈದ್ಯರು ಅದರ ಕಾರಣವನ್ನು ಕೆಲವೊಮ್ಮೆ ಹೃದಯದಲ್ಲಿ ಹುಡುಕುತ್ತಾರೆ! ಎದೆಯನ್ನು ಕೊಯ್ಯದೆ ಹೀಗೆ ಹುಡುಕಲು ದಾರಿ ತೋರಿದವರು ಸ್ವೀಡನ್ ದೇಶದ ವೈದ್ಯ ಇಂಗೆ ಎಡ್ಲರ್.

ಎಡ್ಲರ್ 1911ರ ಮಾರ್ಚ್ 17ರಂದು ದಕ್ಷಿಣ ಸ್ವೀಡನ್ನಿನಲ್ಲಿ ಜನಿಸಿದರು. ಲುಂಡ್ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಓದಿದರು. ಮುಂದೆ ಲುಂಡ್ ಆಸ್ಪತ್ರೆಯಲ್ಲಿ ಹೃದ್ರೋಗ ತಜ್ಞರಾದರು. ಅಲ್ಲಿ ಅವರಿಗೆ ಒಂದು ಕಠಿಣ ಸಮಸ್ಯೆ ಎದುರಾಯಿತು.

ಹೃದಯದ ಎಡಭಾಗದಲ್ಲಿ ಎರಡು ಕೋಣೆಗಳಿವೆ. ಮೇಲಿನದು ಎಡ ಹೃತ್ಕರ್ಣ, ಕೆಳಗಿನದು ಎಡ ಹೃತ್ಕುಕ್ಷಿ. ನಡುವೆ ದ್ವಿದಳ ಕವಾಟ ಎಂಬ ಬಾಗಿಲಿದೆ. ಕೆಲವು ರೋಗಿಗಳಲ್ಲಿ ಈ ಬಾಗಿಲು ಕಿರಿದಾಗುತ್ತದೆ. ಇನ್ನು ಕೆಲವರಲ್ಲಿ ಸರಿಯಾಗಿ ಮುಚ್ಚದೆ ರಕ್ತ ಹಿಂದಕ್ಕೆ ಸೋರುತ್ತದೆ. 1950ರ ಹೊತ್ತಿಗೆ ಕಿರಿದಾದ ಬಾಗಿಲನ್ನು ಶಸ್ತ್ರಚಿಕಿತ್ಸೆಯಿಂದ ಅಗಲ ಮಾಡುತ್ತಿದ್ದರು. ಸೋರುವ ಬಾಗಿಲನ್ನು ಹಾಗೆ ಅಗಲ ಮಾಡಿದರೆ ಸೋರಿಕೆ ಇನ್ನೂ ಹೆಚ್ಚಾಗಿ ಜೀವಕ್ಕೇ ಅಪಾಯ. ಯಾವ ರೋಗಿಗೆ ಯಾವ ತೊಂದರೆ ಎಂದು ಮೊದಲೇ ತಿಳಿಯುವುದು ಹೇಗೆ?

ಎಡ್ಲರ್ ಭೌತವಿಜ್ಞಾನಿಗಳ ನೆರವು ಹುಡುಕಿದರು. ಅದೇ ವಿಶ್ವವಿದ್ಯಾಲಯದ ಯುವಕ ಕಾರ್ಲ್ ಹೆಲ್ಮುಟ್ ಹರ್ಟ್ಸ್ ಅವರ ಪರಿಚಯವಾಯಿತು. ಆವೃತ್ತಿಯ ಏಕಮಾನಕ್ಕೆ ಹರ್ಟ್ಸ್ ಎಂಬ ಹೆಸರು ಬಂದದ್ದು ಹೈನ್ರಿಚ್ ಹರ್ಟ್ಸ್ ಅವರಿಂದ. ಅವರ ಸಹೋದರನ ಮೊಮ್ಮಗನೇ ಈ ಯುವಕ! ವಿಮಾನಗಳನ್ನು ಪತ್ತೆ ಹಚ್ಚುವ ರೇಡಾರ್‌ನಿಂದ ಹೃದಯವನ್ನು ನೋಡಬಹುದೇ ಎಂದು ಎಡ್ಲರ್ ವಿಚಾರಿಸಿದರು. ಅದರ ಬದಲು ಶ್ರವಣಾತೀತ ಧ್ವನಿ ಬಳಸೋಣ ಎಂದು ಹರ್ಟ್ಸ್ ಸೂಚಿಸಿದರು.

ನಮ್ಮ ಕಿವಿಗೆ ಕೇಳುವುದು ಸುಮಾರು 20ರಿಂದ 20,000 ಹರ್ಟ್ಸ್‌ವರೆಗಿನ ಧ್ವನಿ. ಅದಕ್ಕಿಂತ ಹೆಚ್ಚಿನ ಆವೃತ್ತಿಯದು ಶ್ರವಣಾತೀತ ಧ್ವನಿ. ಬೆಟ್ಟದ ಎದುರು ಕೂಗಿದರೆ ಪ್ರತಿಧ್ವನಿ ಬರುವಂತೆ, ಈ ಧ್ವನಿ ದೇಹದೊಳಗಿನ ಭಾಗಗಳಿಗೆ ತಗುಲಿ ಹಿಂದಿರುಗುತ್ತದೆ. ಹಿಂದಿರುಗಲು ಹಿಡಿದ ಸಮಯದಿಂದ ಆ ಭಾಗ ಎಷ್ಟು ಆಳದಲ್ಲಿದೆ ಎಂದು ಲೆಕ್ಕ ಹಾಕಬಹುದು.

ಮಾಲ್ಮೊ ನಗರದ ಹಡಗು ಕಟ್ಟುವ ಕಾರ್ಖಾನೆಯಲ್ಲಿ ಲೋಹದೊಳಗಿನ ಬಿರುಕು ಪತ್ತೆಹಚ್ಚುವ ಇಂಥ ಯಂತ್ರವಿತ್ತು. ಇಬ್ಬರೂ ಅದರಿಂದ ಮೊದಲ ಪ್ರಯೋಗ ಮಾಡಿದರು. ಬಳಿಕ ಸೀಮನ್ಸ್ ಕಂಪನಿ ಒಂದು ಯಂತ್ರವನ್ನು ಎರವಲು ಕೊಟ್ಟಿತು. 1953ರ ಅಕ್ಟೋಬರ್ 29ರಂದು ಮಿಡಿಯುವ ಹೃದಯದ ಪ್ರತಿಧ್ವನಿಗಳನ್ನು ಅವರು ದಾಖಲಿಸಿದರು. ಇದೇ ಎಕೋಕಾರ್ಡಿಯೋಗ್ರಫಿ, ಜನರ ಬಾಯಲ್ಲಿ 'ಎಕೋ' ಪರೀಕ್ಷೆ.

ಆದರೆ ಕಂಡ ಗೆರೆ ಹೃದಯದ ಯಾವ ಭಾಗದ್ದು? ಎಡ ಹೃತ್ಕರ್ಣದ ಗೋಡೆಯದು ಎಂದು ಮೊದಲು ಭಾವಿಸಿದ್ದರು. ಎಡ್ಲರ್ ಅಷ್ಟಕ್ಕೇ ಬಿಡಲಿಲ್ಲ. ಮೃತರ ಹೃದಯಗಳನ್ನು ಪರೀಕ್ಷಿಸಿ, ಅದು ದ್ವಿದಳ ಕವಾಟದ ದಳದ್ದೇ ಎಂದು ಕಂಡುಕೊಂಡರು. ಬಾಗಿಲು ಕಿರಿದಾಗಿದ್ದರೆ ದಳ ನಿಧಾನವಾಗಿ ಚಲಿಸುವುದು ಗೆರೆಯಲ್ಲೇ ಕಾಣುತ್ತಿತ್ತು!

ಇನ್ನು ಪಾರ್ಶ್ವವಾಯುವಿಗೆ ಬರೋಣ. ಬಾಗಿಲು ಕಿರಿದಾದಾಗ ಎಡ ಹೃತ್ಕರ್ಣದಲ್ಲಿ ರಕ್ತ ನಿಂತು ಹೆಪ್ಪುಗಟ್ಟಬಹುದು. ಹೆಪ್ಪಿನ ಚೂರು ರಕ್ತದೊಡನೆ ಸಾಗಿ ಮೆದುಳಿನ ರಕ್ತನಾಳವನ್ನು ಮುಚ್ಚಿದರೆ ಲಕ್ವ ಹೊಡೆಯುತ್ತದೆ. ಇಂದಿನ ಎಕೋ ಯಂತ್ರಗಳು ಹೃದಯದ ಚಲಿಸುವ ಚಿತ್ರವನ್ನೇ ತೋರಿಸುತ್ತವೆ. ಅನ್ನನಾಳವು ಎಡ ಹೃತ್ಕರ್ಣದ ಹಿಂದೆಯೇ ಹಾದುಹೋಗುತ್ತದೆ. ಆದ್ದರಿಂದ ಅಗತ್ಯವಿದ್ದರೆ ಬಾಯಿಯ ಮೂಲಕ ಸಣ್ಣ ಉಪಕರಣವನ್ನು ಅನ್ನನಾಳಕ್ಕಿಳಿಸಿ ಅಡಗಿದ ಹೆಪ್ಪನ್ನೂ ಹುಡುಕುತ್ತಾರೆ. ಸಿಕ್ಕರೆ ರಕ್ತ ಹೆಪ್ಪುಗಟ್ಟದಂತೆ ಔಷಧಿ ಕೊಟ್ಟು, ಮತ್ತೊಮ್ಮೆ ಲಕ್ವ ಹೊಡೆಯುವ ಅಪಾಯವನ್ನು ತಗ್ಗಿಸುತ್ತಾರೆ.

1977ರಲ್ಲಿ ಎಡ್ಲರ್ ಮತ್ತು ಹರ್ಟ್ಸ್ ಇಬ್ಬರಿಗೂ ಅಮೆರಿಕದ ಲಾಸ್ಕರ್ ಪ್ರಶಸ್ತಿ ದೊರೆಯಿತು. ಹರ್ಟ್ಸ್ 1990ರಲ್ಲಿ, ಎಡ್ಲರ್ 2001ರ ಮಾರ್ಚ್ 7ರಂದು ನಿಧನರಾದರು.

ನೆನಪಿಡಿ: ಕವಾಟ ಕಿರಿದಾಗಲು ಮುಖ್ಯ ಕಾರಣ ಬಾಲ್ಯದಲ್ಲಿ ಬರುವ ರುಮ್ಯಾಟಿಕ್ ಜ್ವರ. ಅದು ಶುರುವಾಗುವುದು ಒಂದು ಬಗೆಯ ಬ್ಯಾಕ್ಟೀರಿಯಾದಿಂದಾಗುವ ಗಂಟಲು ನೋವಿನಿಂದ. ಜ್ವರದೊಡನೆ ಗಂಟಲು ನೋವು ಬಂದರೆ ಮನೆಯವರಿಗೆ ತಿಳಿಸಿ, ಆರೋಗ್ಯ ಕೇಂದ್ರಕ್ಕೆ ಹೋಗಿ ತೋರಿಸಿ. ವೈದ್ಯರು ಕೊಟ್ಟ ಮಾತ್ರೆಗಳನ್ನು ನಡುವೆ ಬಿಡದೆ ಮುಗಿಸಿ.