ಬೆಟ್ಟ ಹತ್ತಿದ ರಾಣಿ

ಮಾರ್ಗೆರಿಟಾ ಎಂದರೆ ನಮಗೆಲ್ಲ ನೆನಪಾಗುವುದು ಪಿಜ್ಜಾ. ನನಗೆ ಇಷ್ಟವಾದದ್ದು ಅದೇ ಹೆಸರಿನ ಇಟಲಿಯ ರಾಣಿಯ ಜೀವನ.

ಅವರು 1851ರಲ್ಲಿ ಟ್ಯುರಿನ್ ನಗರದಲ್ಲಿ ಹುಟ್ಟಿದರು. 1878ರಲ್ಲಿ ಪತಿ ಉಂಬರ್ಟೊ ದೊರೆಯಾದಾಗ ರಾಣಿಯಾದರು. ಆಲ್ಪ್ಸ್ ಪರ್ವತವೆಂದರೆ ಅವರಿಗೆ ಬಹಳ ಪ್ರೀತಿ. ಅಲ್ಲಿನ ಮೊಂಟೆ ರೋಸಾದ 4,554 ಮೀಟರ್ ಎತ್ತರದ ಒಂದು ಶಿಖರದ ಮೇಲೆ ಇಟಲಿಯ ಆಲ್ಪೈನ್ ಕ್ಲಬ್ ಮರದ ತಂಗುಮನೆ ಕಟ್ಟಿಸಿತು. ಕಣಿವೆಯಲ್ಲಿ ಸಿದ್ಧಪಡಿಸಿದ ಮರವನ್ನು ಕೊನೆಯ ದಾರಿಯಲ್ಲಿ ಕೂಲಿಯಾಳುಗಳು ಹೊತ್ತರು. 1893ರ ಆಗಸ್ಟ್‌ನಲ್ಲಿ, 41ನೇ ವಯಸ್ಸಿನಲ್ಲಿ, ರಾಣಿ ಹಿಮದ ಮೇಲೆ ಹತ್ತಿಹೋಗಿ ಒಂದು ರಾತ್ರಿ ಅಲ್ಲೇ ತಂಗಿದರು. ಆ ಮನೆಗೆ ಅವರದೇ ಹೆಸರು.

1926ರಲ್ಲಿ ಅವರು ತೀರಿಕೊಂಡರು. ಮರುನಿರ್ಮಾಣಗೊಂಡ ಆ ಮನೆಯಲ್ಲಿ ಚಾರಣಿಗರು ಈಗಲೂ ಉಳಿಯುತ್ತಾರೆ. ಕಟ್ಟಡಕ್ಕೆ ಹೆಸರು ಕೊಡುವ ದೊಡ್ಡವರು ಅನೇಕರಿದ್ದಾರೆ. ಅಷ್ಟು ಕಷ್ಟಪಟ್ಟು ಅಲ್ಲಿಗೆ ಹೋದವರನ್ನು ನಾನು ಹೆಚ್ಚು ಗೌರವಿಸುತ್ತೇನೆ.