ಮೈಯೊಳಗೆ ಹಾಕಿದ ಹೊಲಿಗೆ ದಾರ ಎಲ್ಲಿಗೆ ಹೋಗುತ್ತದೆ? ಜೋಸೆಫ್ ಲಿಸ್ಟರ್ ಕಂಡುಕೊಂಡ ಉತ್ತರ

ರಬಕವಿ-ಬನಹಟ್ಟಿಯ ಮಗ್ಗಗಳಲ್ಲಿ ಎಳೆ ಹರಿದರೆ ನೇಕಾರರು ಗಂಟು ಹಾಕಿ ಮುಂದೆ ನೇಯುತ್ತಾರೆ. ಗಂಟು ಸೀರೆಯೊಳಗೇ ಉಳಿದರೂ ತೊಂದರೆಯಿಲ್ಲ. ಆದರೆ ಸಿಸೇರಿಯನ್ ವೇಳೆ ಹೊಟ್ಟೆಯೊಳಗೆ ಹಾಕಿದ ಗಂಟನ್ನು ಬಿಚ್ಚುವವರು ಯಾರು? ಬಾಣಂತಿಯ ಮನೆಯಲ್ಲಿ ಅಜ್ಜಿ ಕೇಳುವ ಈ ಪ್ರಶ್ನೆ ದಡ್ಡ ಪ್ರಶ್ನೆಯಲ್ಲ. ಒಂದು ಕಾಲದಲ್ಲಿ ಆ ಗಂಟು ಪ್ರಾಣಕ್ಕೇ ಕುತ್ತಾಗುತ್ತಿತ್ತು.

ಜೋಸೆಫ್ ಲಿಸ್ಟರ್ ಹುಟ್ಟಿದ್ದು 1827ರಲ್ಲಿ, ಲಂಡನ್ ಹತ್ತಿರದ ಅಪ್ಟನ್‌ನಲ್ಲಿ. ತಂದೆ ವೈನ್ ವ್ಯಾಪಾರಿ, ಬಿಡುವಿನಲ್ಲಿ ಸೂಕ್ಷ್ಮದರ್ಶಕದ ಮಸೂರಗಳನ್ನು ಸುಧಾರಿಸಿದವರು. ಮಗ ಸರ್ಜನ್ ಆದರು. ಗಾಯ ಕೊಳೆಯಲು ಕಣ್ಣಿಗೆ ಕಾಣದ ಜೀವಿಗಳೇ ಕಾರಣ ಎಂದು ನಂಬಿ, 1865ರಲ್ಲಿ ಗ್ಲಾಸ್ಗೋದಲ್ಲಿ ಗಾಡಿ ಹಾಯ್ದು ಕಾಲು ಮುರಿದಿದ್ದ 11 ವರ್ಷದ ಹುಡುಗನ ಗಾಯಕ್ಕೆ ಕಾರ್ಬಾಲಿಕ್ ಆಮ್ಲದ ಪಟ್ಟಿ ಕಟ್ಟಿದರು. ಕಾಲು ಉಳಿಯಿತು. (ಲಿಸ್ಟರಿನ್ ಎಂಬ ಬಾಯಿ ಮುಕ್ಕಳಿಸುವ ದ್ರಾವಣಕ್ಕೆ ಇವರದೇ ಹೆಸರು, ಆದರೆ ಕಂಡುಹಿಡಿದವರು ಇವರಲ್ಲ.)

ಇಷ್ಟು ಹಲವರಿಗೆ ಗೊತ್ತು. ದಾರದ ಕಥೆ ಅಷ್ಟು ಗೊತ್ತಿಲ್ಲ.

ಆಗ ರಕ್ತನಾಳ ಕಟ್ಟಿದ ದಾರದ ತುದಿಯನ್ನು ಗಾಯದಿಂದ ಹೊರಗೆ ಇಳಿಬಿಡುತ್ತಿದ್ದರು. ಒಳಗಿನ ಗಂಟು ಕೊಳೆತು ಸಡಿಲವಾದ ಮೇಲೆ ಎಳೆದು ತೆಗೆಯಬೇಕು. ಅಷ್ಟರಲ್ಲಿ ಕೀವು ತುಂಬುತ್ತಿತ್ತು, ಕೆಲವೊಮ್ಮೆ ನಾಳವೇ ಒಡೆಯುತ್ತಿತ್ತು. ಲಿಸ್ಟರ್ 1868ರಲ್ಲಿ ಒಬ್ಬ ಮಹಿಳೆಯ ರಕ್ತನಾಳವನ್ನು ಕಾರ್ಬಾಲಿಕ್‌ನಲ್ಲಿ ನೆನೆಸಿದ ರೇಷ್ಮೆಯಿಂದ ಕಟ್ಟಿ, ತುದಿ ಕತ್ತರಿಸಿ, ಗಾಯ ಮುಚ್ಚಿದರು. ಆಕೆ ಚೇತರಿಸಿಕೊಂಡರು. ಸುಮಾರು ಹತ್ತು ತಿಂಗಳ ಬಳಿಕ ಬೇರೆ ಕಾರಣಕ್ಕೆ ತೀರಿಕೊಂಡಾಗ ಪರೀಕ್ಷಿಸಿದರೆ, ರೇಷ್ಮೆ ಇನ್ನೂ ಅಲ್ಲೇ ಇತ್ತು, ಸುತ್ತ ಕೀವಿನಂಥ ದ್ರವ. ರೋಗಿ ಸತ್ತದ್ದು ಅದರಿಂದಲ್ಲವಾದರೂ ಲಿಸ್ಟರ್ ಅದನ್ನು ತಳ್ಳಿಹಾಕಲಿಲ್ಲ. ಅವರ ಬಗ್ಗೆ ನನಗೆ ಗೌರವ ಹುಟ್ಟಿಸುವುದು ಇದೇ.

ಮೈ ತಾನೇ ಅರಗಿಸಿಕೊಳ್ಳುವ ದಾರ ಬೇಕಿತ್ತು. ಅವರು ಆರಿಸಿದ್ದು ಕ್ಯಾಟ್‌ಗಟ್. ಹೆಸರಲ್ಲಿ ಬೆಕ್ಕಿದೆ, ದಾರದಲ್ಲಿ ಇಲ್ಲ: ಅದನ್ನು ಕುರಿ ಅಥವಾ ದನದ ಕರುಳಿನಿಂದ ಹೊಸೆಯುತ್ತಾರೆ. 1868ರ ಕೊನೆಯಲ್ಲಿ ಅಪ್ಟನ್‌ನ ತಂದೆಯ ಮನೆಯಲ್ಲೇ ಒಂದು ಕರುವಿನ ಕುತ್ತಿಗೆಯ ನಾಳವನ್ನು ಅದರಿಂದ ಕಟ್ಟಿದರು. 30 ದಿನಗಳ ನಂತರ ನೋಡಿದರೆ ದಾರವಿದ್ದ ಜಾಗದಲ್ಲಿ ಜೀವಂತ ಅಂಗಾಂಶ ಬೆಳೆದಿತ್ತು, ಕೀವು ಇರಲಿಲ್ಲ.

ಕ್ಯಾಟ್‌ಗಟ್‌ನಲ್ಲಿರುವುದು ಕೊಲಾಜನ್. ಅದು ಪಾಲಿಮರ್, ಅಂದರೆ ಸಣ್ಣ ಅಣುಗಳು ಕೊಂಡಿಯಂತೆ ಸೇರಿದ ಉದ್ದ ಸರಪಳಿ. ದೇಹದ ಕಿಣ್ವಗಳು ಕೊಂಡಿಗಳನ್ನು ಕತ್ತರಿಸುತ್ತವೆ. ದಾರದಲ್ಲಿದ್ದ ಕಾರ್ಬಾಲಿಕ್ ಗಾಯದ ಜಾಗಕ್ಕೇ ಔಷಧಿಯನ್ನೂ ತಲುಪಿಸುತ್ತಿತ್ತು. ಆದರೆ ಕ್ಯಾಟ್‌ಗಟ್ ಬೇಗ ಕರಗಿದರೆ ಗಾಯ ಬಿಚ್ಚಿಕೊಳ್ಳುತ್ತದೆ. ಅದಕ್ಕಾಗಿ ಲಿಸ್ಟರ್ ಕ್ರೋಮಿಕ್ ಆಮ್ಲದಿಂದ ಅದನ್ನು ಗಟ್ಟಿ ಮಾಡಿದರು. ಕ್ರೋಮಿಕ್ ಕ್ಯಾಟ್‌ಗಟ್ ಎಂಬ ಹೆಸರು ಇಂದಿಗೂ ಇದೆ. ಅವರ ಎಲ್ಲ ಯೋಚನೆಗಳೂ ನಿಲ್ಲಲಿಲ್ಲ: ಗಾಳಿಗೆ ಕಾರ್ಬಾಲಿಕ್ ಸಿಂಪಡಿಸುವುದನ್ನು ಕೊನೆಗೆ ತಾವೇ ಕೈಬಿಟ್ಟರು. ತೀರಿಕೊಂಡದ್ದು 1912ರಲ್ಲಿ.

1970ರ ದಶಕದಿಂದ ಕೃತಕ ದಾರಗಳು ಬಂದವು. ಇವುಗಳ ಮೂಲವಸ್ತು ನಮಗೆ ಹೊಸದಲ್ಲ. ಗ್ಲೈಕಾಲಿಕ್ ಆಮ್ಲ ಮುಧೋಳ, ಜಮಖಂಡಿ, ಬೀಳಗಿಯ ಕಬ್ಬಿನ ರಸದಲ್ಲೂ ತುಸು ಇದೆ. ಲ್ಯಾಕ್ಟಿಕ್ ಆಮ್ಲ ಮೊಸರಿನ ಹುಳಿ. (ಹಾಗೆಂದು ಗಾಯಕ್ಕೆ ಮೊಸರು ಹಚ್ಚಬೇಡಿ! ದಾರಕ್ಕೆ ಬೇಕಾದದ್ದನ್ನು ಕಾರ್ಖಾನೆಯಲ್ಲಿ ಶುದ್ಧವಾಗಿ ತಯಾರಿಸುತ್ತಾರೆ.) ಮೈಯೊಳಗಿನ ನೀರೇ ಈ ಸರಪಳಿಯನ್ನು ಬಿಡಿಸುತ್ತದೆ, ಉಳಿಯುವುದು ಕೊನೆಗೆ ಇಂಗಾಲದ ಡೈಆಕ್ಸೈಡ್ ಮತ್ತು ನೀರು. ಇದೇ ಪಾಲಿಮರ್‌ನ ಸಣ್ಣ ಗುಳಿಗಳಲ್ಲಿ ಔಷಧಿ ತುಂಬಿ, ತಿಂಗಳುಗಟ್ಟಲೆ ನಿಧಾನವಾಗಿ ಬಿಡುವ ಇಂಜೆಕ್ಷನ್‌ಗಳು ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಬಳಕೆಯಲ್ಲಿವೆ.

ಅಜ್ಜಿಗೆ ಹೇಳಬೇಕಾದ್ದು ಇನ್ನೊಂದಿದೆ. ಎಲ್ಲ ಹೊಲಿಗೆಯೂ ಕರಗುವುದಿಲ್ಲ. ಚರ್ಮದ ಮೇಲಿನ ನೈಲಾನ್ ಹೊಲಿಗೆಯನ್ನು ಡಾಕ್ಟರ್ ಹೇಳಿದ ದಿನ ಬಿಚ್ಚಿಸಲೇಬೇಕು. ಕರಗುವ ದಾರದ ತುದಿ ಹೊರಗೆ ಕಂಡರೆ ಮನೆಯಲ್ಲಿ ಎಳೆಯಬೇಡಿ. ಗಾಯ ಕೆಂಪಾಗಿ ಊದಿದರೆ, ಕೀವು ಅಥವಾ ಜ್ವರ ಬಂದರೆ ಅಂದೇ ಆಸ್ಪತ್ರೆಗೆ ಹೋಗಿ.